ಸಿಂಹ ಬಿಟ್ಟು ನಾಯಿಯ ಹಿಂದೆ ಹೋಗುವುದು ಯಾಕೆ: ಆಫ್ರಿಕಾದ ಕಾಡುನಾಯಿಗಳನ್ನು ನೋಡುವ ಬಗೆ

ಆಫ್ರಿಕಾಕ್ಕೆ ಸಫಾರಿ ಹೋಗಿಬರುವವರು ನಮ್ಮಲ್ಲಿ ಈಗ ಜಾಸ್ತಿಯಾಗಿದ್ದಾರೆ. ಮೊದಲ ಸಲ ಹೋಗುವವರು ಸಾಮಾನ್ಯವಾಗಿ ಕೀನ್ಯಾ, ಟಾಂಜಾನಿಯಾ ನೋಡುತ್ತಾರೆ. ಎರಡನೇ ಸಲ ಹೊರಟವರು ಇನ್ನೂ ಕೆಳಗಿಳಿದು ಬೋಟ್ಸ್ವಾನಾ, ಜಿಂಬಾಬ್ವೆ, ಜಾಂಬಿಯಾ ಎನ್ನುತ್ತಾರೆ. ಈ ದಕ್ಷಿಣದ ದೇಶಗಳಲ್ಲಿ ಒಂದು ಸಂಗತಿ ಹೊಸಬರನ್ನು ಗಲಿಬಿಲಿ ಮಾಡುತ್ತದೆ. ಜೀಪು ಸಿಂಹದ ಎದುರು ನಿಂತಿರುತ್ತದೆ. ಗೈಡ್‌ನ ರೇಡಿಯೋದಲ್ಲಿ ಎರಡು ಮಾತು ಕೇಳಿಸುತ್ತದೆ. ಅಷ್ಟಕ್ಕೇ ಆತ ಸಿಂಹವನ್ನು ಅಲ್ಲೇ ಬಿಟ್ಟು ಗಾಡಿ ತಿರುಗಿಸಿಬಿಡುತ್ತಾನೆ. ಏನು ಸಿಕ್ಕಿತು ಅಂತ ಕೇಳಿದರೆ, ನಾಯಿ!

ಇಷ್ಟು ದುಡ್ಡು ಸುರಿದು ಬಂದದ್ದು ನಾಯಿ ನೋಡಲಿಕ್ಕಾ ಅನ್ನಿಸುವುದು ಸಹಜ. ಆದರೆ ಗೈಡ್‌ನ ಲೆಕ್ಕ ಸರಿಯಾಗಿದೆ. ಸಿಂಹ ಸಂಜೆವರೆಗೂ ಅದೇ ಮರದಡಿ ಮಲಗಿರುತ್ತದೆ. ಈ ನಾಯಿಗಳು ಒಮ್ಮೆ ಎದ್ದು ಹೊರಟವೆಂದರೆ ಅರ್ಧ ಗಂಟೆಯಲ್ಲಿ ಎಲ್ಲಿರುತ್ತವೋ ಯಾರಿಗೂ ಗೊತ್ತಿಲ್ಲ. ವರ್ಷದ ಹೆಚ್ಚು ಕಾಲ ಅವು ಹೀಗೆ ಅಲೆಯುತ್ತಲೇ ಇರುತ್ತವೆ. ಮೂರು ತಿಂಗಳು ಮಾತ್ರ ಒಂದು ಕಡೆ ನಿಲ್ಲುತ್ತವೆ. ಅವು ನಮ್ಮ ಕಣ್ಣಿಗೆ ಸುಲಭವಾಗಿ ಸಿಗುವುದು ಆಗಲೇ. ನಮ್ಮಿಂದ ಅವಕ್ಕೆ ಹೆಚ್ಚು ತೊಂದರೆಯಾಗುವುದೂ ಆಗಲೇ. ಇದು ಹೇಗೆ ಅಂತ ಬುಡದಿಂದ ನೋಡೋಣ.

ಇದು ಯಾವ ನಾಯಿ?

ಊರುನಾಯಿ ತಪ್ಪಿಸಿಕೊಂಡು ಕಾಡು ಸೇರಿ ಆದದ್ದಲ್ಲ ಇದು. ವಿಜ್ಞಾನಿಗಳು ಇದನ್ನು ಲೈಕಾನ್ ಪಿಕ್ಟಸ್ ಎಂದು ಕರೆಯುತ್ತಾರೆ. ಲೈಕಾನ್ ಎಂಬ ಆ ಕುಲದಲ್ಲಿ ಇವತ್ತು ಉಳಿದಿರುವುದು ಇದೊಂದೇ ಪ್ರಾಣಿ. ಸಾಕುನಾಯಿ, ತೋಳ, ಗುಳ್ಳೆನರಿ ಇವೆಲ್ಲ ಒಂದೇ ಕವಲಿಗೆ ಸೇರಿದವು. ಕಾಡುನಾಯಿಯ ದಾರಿ ಬಹಳ ಹಿಂದೆಯೇ ಬೇರೆಯಾಗಿದೆ. ಸಾಕುನಾಯಿ ಜೊತೆ ಕೂಡಿ ಇದು ಮರಿ ಹಾಕುವುದಿಲ್ಲ.

1820ರಲ್ಲಿ ಡಚ್ ಪ್ರಾಣಿಶಾಸ್ತ್ರಜ್ಞ ಟೆಮ್ಮಿಂಕ್ ಇದನ್ನು ಮೊದಲು ದಾಖಲಿಸಿದಾಗ ಕತ್ತೆಕಿರುಬದ ಜಾತಿ ಅಂತಲೇ ಬರೆದಿದ್ದ. ಅವನನ್ನು ಪೂರ್ತಿ ತಪ್ಪು ಅನ್ನಲಾಗದು. ದೊಡ್ಡ ದುಂಡು ಕಿವಿ, ಉದ್ದ ಕಾಲು, ಮೈಮೇಲೆ ಕಪ್ಪು, ಕಂದು, ಬಿಳಿ, ಹಳದಿ ಬಣ್ಣಗಳನ್ನು ಕೈಗೆ ಬಂದಂತೆ ಎರಚಿದ ಹಾಗೆ ಕಾಣುವ ಮಚ್ಚೆಗಳು. ಮೂತಿ ಮಾತ್ರ ಎಲ್ಲದಕ್ಕೂ ಕಪ್ಪು. ಬಾಲದ ತುದಿ ಸಾಮಾನ್ಯವಾಗಿ ಬಿಳಿ. ತೂಕ 20ರಿಂದ 30 ಕಿಲೋ ಆಸುಪಾಸು. ದಕ್ಷಿಣ ಆಫ್ರಿಕಾದ ಕಡೆಯವು ಸ್ವಲ್ಪ ದೊಡ್ಡವು, ಪೂರ್ವದವು ಚಿಕ್ಕವು.

ಹೆಜ್ಜೆ ಗುರುತು ಓದುವವರಿಗೆ ಇನ್ನೊಂದು ಗುರುತು ಗೊತ್ತು. ಸಾಕುನಾಯಿಯ ಮುಂಗಾಲಿನಲ್ಲಿ ಸ್ವಲ್ಪ ಮೇಲಕ್ಕೆ ಐದನೇ ಬೆರಳಿನ ಉಗುರು ಇರುತ್ತದಲ್ಲ, ಅದು ಇವಕ್ಕೆ ಹೊರಗೆ ಕಾಣುವುದಿಲ್ಲ. ನಾಲ್ಕೇ ಬೆರಳು.

ನಮ್ಮ ಸೀಳುನಾಯಿಗೂ ಇದಕ್ಕೂ ಏನು ಸಂಬಂಧ?

ಕಬಿನಿ, ನಾಗರಹೊಳೆ, ಬಂಡೀಪುರದಲ್ಲಿ ಕೆಂಪು ಮೈಯ ಸೀಳುನಾಯಿಗಳನ್ನು ನೋಡಿದವರಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಎರಡನ್ನೂ ಕಾಡುನಾಯಿ ಅನ್ನುತ್ತೇವೆ. ಎರಡೂ ಗುಂಪಿನಲ್ಲಿ ಬೇಟೆಯಾಡುತ್ತವೆ, ಎರಡೂ ಬಹುಮಟ್ಟಿಗೆ ಮಾಂಸವನ್ನೇ ನಂಬಿ ಬದುಕುತ್ತವೆ. ಆದರೆ ಜಾತಿ ಬೇರೆ, ಕುಲವೂ ಬೇರೆ. ದೂರದ ನೆಂಟಸ್ತಿಕೆ ಅಂತೂ ಇದೆ. ತೋಳ, ನಾಯಿಗಳ ಕವಲಿಗೆ ಸೇರದೆ ಪಕ್ಕದಲ್ಲಿ ಬೇರೆಯಾಗಿ ಬೆಳೆದವು ಇವೆರಡೂ. ಹಿಂದೊಂದು ಕಾಲದಲ್ಲಿ ಇವುಗಳ ಪೂರ್ವಜರ ನಡುವೆ ರಕ್ತ ಬೆರೆತಿತ್ತು ಎಂಬುದಕ್ಕೆ ಜೀನ್‌ಗಳ ಅಧ್ಯಯನದಲ್ಲಿ ಸುಳಿವು ಸಿಕ್ಕಿದೆ.

ಗತಿಯಲ್ಲಿ ಮಾತ್ರ ಎರಡೂ ಅವಳಿಜವಳಿ. ಬ್ರಿಟಿಷರ ಕಾಲದಲ್ಲಿ ಸೀಳುನಾಯಿ ಕೊಂದವರಿಗೆ ಇನಾಮು ಸಿಗುತ್ತಿತ್ತು. ಆಫ್ರಿಕಾದ ಕಾಡುನಾಯಿಯನ್ನೂ ಪೀಡೆ ಎಂದು ಕಂಡಕಂಡಲ್ಲಿ ಕೊಂದರು. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇವತ್ತು ಎರಡೂ ಅಳಿವಿನಂಚಿನ ಪ್ರಾಣಿಗಳೇ.

ಒಂದು ಗುಂಪಿಗೆ ನಾಗರಹೊಳೆಯಷ್ಟು ಕಾಡು

ಆಫ್ರಿಕಾ ಖಂಡದಲ್ಲಿ ಉಳಿದಿರುವ, ಬೆಳೆದ ಕಾಡುನಾಯಿಗಳು ಸುಮಾರು 6,600 ಎಂದು 2012ರಲ್ಲಿ ಅಂದಾಜು ಮಾಡಿದ್ದರು. ಅವೂ ಒಂದೇ ಕಡೆ ಇಲ್ಲ. 39 ಚೂರುಗಳಾಗಿ ಹಂಚಿಹೋಗಿವೆ. ಮರಿ ಹಾಕುವ ಸ್ಥಿತಿಯಲ್ಲಿರುವವನ್ನು ಮಾತ್ರ ಲೆಕ್ಕ ಹಾಕಿದರೆ 1,400ರ ಆಸುಪಾಸು.

ಈ ಕೊನೆಯ ಅಂಕಿ ಯಾಕೆ ಇಷ್ಟು ಚಿಕ್ಕದು? ಗುಂಪಿನಲ್ಲಿ ಹತ್ತು ನಾಯಿ ಇದ್ದರೂ ಸಾಮಾನ್ಯವಾಗಿ ಮರಿ ಮಾಡುವುದು ಒಂದೇ ಜೋಡಿ. ಇಲ್ಲಿ ಅವನ್ನು ಯಜಮಾನ, ಯಜಮಾನಿ ಅನ್ನೋಣ. ಉಳಿದವು ಅವುಗಳ ಒಡಹುಟ್ಟಿದವು ಅಥವಾ ಹಿಂದಿನ ವರ್ಷಗಳ ಮಕ್ಕಳು. ಅವು ಬೇಟೆಗೆ ಹೋಗುತ್ತವೆ, ಮರಿ ಕಾಯುತ್ತವೆ, ಆದರೆ ಸ್ವಂತ ಸಂಸಾರ ಹೂಡುವುದಿಲ್ಲ. ಹೂಡಬೇಕೆಂದರೆ ಗುಂಪು ಬಿಡಬೇಕು. ಅಕ್ಕತಂಗಿಯರು ಒಟ್ಟಾಗಿ ಹೊರಡುತ್ತಾರೆ. ಇನ್ನೊಂದು ಗುಂಪಿನಿಂದ ಅಣ್ಣತಮ್ಮಂದಿರು ಹೊರಟಿರುತ್ತಾರೆ. ಎಲ್ಲೋ ಇವರಿಬ್ಬರ ಭೇಟಿಯಾದರೆ ಹೊಸ ಗುಂಪು. ಆಗದಿದ್ದರೆ ಹುಡುಕಾಟ ಮುಂದುವರಿಯುತ್ತದೆ. ಜಾಂಬಿಯಾದಲ್ಲಿ ಇರುವ ಜಾಗ ತಿಳಿಸುವ ಕುತ್ತಿಗೆಪಟ್ಟಿ, ಅಂದರೆ ಕಾಲರ್, ಹಾಕಿ ಗಮನಿಸುತ್ತಿದ್ದ ಮೂರು ಅಕ್ಕತಂಗಿಯರು ಹೀಗೆ ಹೊರಟು 2,000 ಕಿಲೋಮೀಟರಿಗೂ ಹೆಚ್ಚು ಸುತ್ತಿದ್ದು ದಾಖಲಾಗಿದೆ. ನಡುವೆ ಮೊಜಾಂಬಿಕ್ ಗಡಿಯನ್ನೂ ದಾಟಿದ್ದವು.

ನೆಲೆ ನಿಂತ ಗುಂಪಿನ ಓಡಾಟವೂ ಕಡಿಮೆಯದ್ದಲ್ಲ. ನೂರಾರು ಚದರ ಕಿಲೋಮೀಟರ್ ಕಾಡು ಒಂದು ಗುಂಪಿಗೆ ಬೇಕು. ಕೆಲವು ಕಡೆ ಸಾವಿರ ದಾಟುತ್ತದೆ. ನಮ್ಮ ನಾಗರಹೊಳೆ ರಾಷ್ಟ್ರೀಯ ಉದ್ಯಾನ ಸುಮಾರು 643 ಚದರ ಕಿಲೋಮೀಟರ್. ಅಂದರೆ ಇಡೀ ನಾಗರಹೊಳೆ ಒಂದೆರಡು ಗುಂಪಿಗೆ ಸಾಲಬಹುದು, ಅಷ್ಟೇ. ದಿನಕ್ಕೆ ಹತ್ತು ಕಿಲೋಮೀಟರ್ ನಡೆಯುವುದು ಇವಕ್ಕೆ ಮಾಮೂಲು. ನಿನ್ನೆ ಕಂಡ ಜಾಗಕ್ಕೆ ಇವತ್ತು ಹೋದರೆ ಬರಿಗೈ.

ಇಷ್ಟು ಅಲೆಯುವುದು ಯಾಕೆ ಅನ್ನುವುದಕ್ಕೆ ಉತ್ತರದಲ್ಲಿ ಸಿಂಹಕ್ಕೂ ಪಾಲಿದೆ. ಕಾಡುನಾಯಿಯ ಮರಿಗಳನ್ನೂ ದೊಡ್ಡವನ್ನೂ ಸಿಂಹ ಕೊಲ್ಲುತ್ತದೆ. ಹಾಗಾಗಿ ಜಿಂಕೆ ಜಾತಿಯ ಪ್ರಾಣಿಗಳು ತುಂಬಿರುವ ಜಾಗದಲ್ಲಿ ಸಿಂಹವೂ ಜಾಸ್ತಿ ಇದ್ದರೆ ನಾಯಿಗಳು ಅಲ್ಲಿ ಬೀಡುಬಿಡಲು ಹಿಂಜರಿಯುತ್ತವೆ. ಹೀಗಾಗಿ ಸಿಂಹ ನೋಡಲು ಒಳ್ಳೆಯ ಜಾಗ ನಾಯಿ ನೋಡಲೂ ಒಳ್ಳೆಯದು ಅಂತ ಭಾವಿಸುವ ಹಾಗಿಲ್ಲ.

ಮೂರು ತಿಂಗಳ ಬಾಣಂತನ

ಯಜಮಾನಿ ಬಸುರಾದ ಮೇಲೆ ಸುಮಾರು 70 ದಿನಕ್ಕೆ ಹೆರುತ್ತಾಳೆ. ಬಿಲವನ್ನು ತಾವೇ ಹೊಸದಾಗಿ ತೋಡುವುದು ಕಡಿಮೆ. ಆರ್ಡ್‌ವಾರ್ಕ್ ಎಂಬ ಗೆದ್ದಲು ತಿನ್ನುವ ಪ್ರಾಣಿ ತೋಡಿ ಬಿಟ್ಟುಹೋದ ಬಿಲವೋ, ಹಂದಿ ಜಾತಿಯ ವಾರ್ಟ್‌ಹಾಗ್ ಇದ್ದು ಬಿಟ್ಟ ಬಿಲವೋ ಸಿಕ್ಕರೆ ಅದನ್ನೇ ಸರಿಮಾಡಿಕೊಳ್ಳುತ್ತವೆ. ಒಂದು ಸೂಲಿಗೆ ಹತ್ತು ಮರಿ ಸಾಮಾನ್ಯ. ಇಪ್ಪತ್ತೊಂದರವರೆಗೂ ಆದದ್ದಿದೆ. ನಾಯಿ ಕುಟುಂಬದ ಕಾಡುಪ್ರಾಣಿಗಳಲ್ಲಿ ಇಷ್ಟು ಮರಿ ಹಾಕುವುದು ಬಹಳ ಅಪರೂಪ.

ಇಲ್ಲಿಂದ ಮುಂದೆ ಮೂರು ತಿಂಗಳು ಇಡೀ ಗುಂಪಿನ ನಡವಳಿಕೆ ಬಾಣಂತಿ ಇರುವ ಮನೆಯಂತಾಗುತ್ತದೆ. ಎಲ್ಲರ ಓಡಾಟವೂ ಒಂದು ಕೋಣೆಯ ಸುತ್ತ. ತಾಯಿ ಮೊದಲ ದಿನಗಳಲ್ಲಿ ಬಿಲ ಬಿಟ್ಟು ಹೋಗುವುದಿಲ್ಲ. ಉಳಿದವು ಬೇಟೆಗೆ ಹೋಗಿ, ಹೊಟ್ಟೆ ತುಂಬ ಮಾಂಸ ನುಂಗಿ ಬಂದು ಅವಳ ಮುಂದೆ ಕಕ್ಕುತ್ತವೆ. ಮೂರು-ನಾಲ್ಕು ವಾರಕ್ಕೆ ಮರಿಗಳು ಹೊರಗೆ ಮುಖ ತೋರಿಸುತ್ತವೆ. ಆಮೇಲೆ ಅವೂ ಸಾಲು ಸೇರುತ್ತವೆ. ಬೇಟೆಯಿಂದ ಬಂದವರ ಬಾಯಿ ನೆಕ್ಕಿ ನೆಕ್ಕಿ ಪೀಡಿಸಿ ಊಟ ಕಕ್ಕಿಸಿಕೊಳ್ಳುತ್ತವೆ. ಕಕ್ಕುವುದು ಅಂದರೆ ನಮಗೆ ಮುಖ ಸಿಂಡರಿಸುವ ವಿಷಯ. ಅವಕ್ಕೆ ಅದೇ ಬುತ್ತಿ. ಬಾಯಲ್ಲಿ ಕಚ್ಚಿ ತಂದರೆ ದಾರಿಯಲ್ಲಿ ಕತ್ತೆಕಿರುಬ ಕಸಿಯಬಹುದು, ಹೊಟ್ಟೆಯಲ್ಲಿದ್ದರೆ ಆ ಭಯ ಇಲ್ಲ. ಎಲ್ಲರೂ ಬೇಟೆಗೆ ಹೋದಾಗ ಒಂದೆರಡು ನಾಯಿ ಮರಿ ಕಾಯಲು ಉಳಿಯುತ್ತವೆ. ಹಾಗೆ ಉಳಿದವಕ್ಕೂ ಪಾಲು ಸಿಗುತ್ತದೆ.

ಈ ಕಾಲದಲ್ಲಿ ಗುಂಪು ಎಷ್ಟೇ ದೂರ ಹೋದರೂ ರಾತ್ರಿಗೋ ಬೆಳಿಗ್ಗೆಗೋ ಬಿಲಕ್ಕೆ ಮರಳಲೇಬೇಕು. ಅಲೆಮಾರಿ ಪ್ರಾಣಿಗೆ ಒಂದು ವಿಳಾಸ ಹುಟ್ಟುವುದು ಆಗ ಮಾತ್ರ.

ದಕ್ಷಿಣದ ದೇಶಗಳಲ್ಲಿ ಮರಿ ಹುಟ್ಟುವುದು ಹೆಚ್ಚಾಗಿ ಮೇ ಕೊನೆಯಿಂದ ಜುಲೈ ಒಳಗೆ. ಅಲ್ಲಿ ಅದು ಚಳಿಗಾಲ, ಒಣಗಾಲ. ಹುಲ್ಲು ಒಣಗಿ ತಗ್ಗಿರುತ್ತದೆ. ಹಗಲಿನ ಬಿಸಿ ಕಡಿಮೆ, ಬೇಟೆಗೆ ಓಡುವುದು ಸುಲಭ. ಸೆಪ್ಟೆಂಬರ್ ಹೊತ್ತಿಗೆ ಮರಿಗಳು ಬಿಲ ಬಿಟ್ಟು ದೊಡ್ಡವರ ಹಿಂದೆ ಓಡತೊಡಗುತ್ತವೆ. ಸಮಭಾಜಕ ವೃತ್ತದ ಹತ್ತಿರದ ಕೀನ್ಯಾದ ಲೈಕಿಪಿಯಾದಂಥ ಕಡೆ ಇಷ್ಟು ಖಚಿತ ಕಾಲ ಇಲ್ಲ.

ನಮ್ಮ ಶಾಲೆಗಳ ಏಪ್ರಿಲ್-ಮೇ ರಜೆಗೆ ಹೋದರೆ ಬಿಲದ ಕಾಲ ಇನ್ನೂ ಶುರುವಾಗಿರುವುದಿಲ್ಲ, ಗುಂಪು ಅಲೆಯುತ್ತಿರುತ್ತದೆ. ದಸರಾ ರಜೆಗೆ ಹೋದರೆ ಬಿಲ ಖಾಲಿ. ಆದರೆ ಮರಿಗಳು ಗುಂಪಿನ ಜೊತೆಯಲ್ಲೇ ಇರುತ್ತವೆ, ನೀರಿನ ಹೊಂಡಗಳು ಕಡಿಮೆಯಾಗಿ ಪ್ರಾಣಿಗಳು ಉಳಿದ ನೀರಿನ ಸುತ್ತ ಸೇರುತ್ತವೆ, ಅದೂ ನೋಡಲು ಕೆಟ್ಟ ಕಾಲವಲ್ಲ. ಸೆಕೆ ಮಾತ್ರ ತಡೆದುಕೊಳ್ಳಬೇಕು.

ಈ ಕ್ಯಾಲೆಂಡರ್ ಕೂಡ ಸರಿಯುತ್ತಿದೆ. ಉತ್ತರ ಬೋಟ್ಸ್ವಾನಾದಲ್ಲಿ 30 ವರ್ಷಗಳ ದಾಖಲೆ ನೋಡಿದಾಗ, ಮರಿ ಹಾಕುವ ದಿನ ಸುಮಾರು 22 ದಿನ ತಡವಾಗಿರುವುದು ಕಂಡಿತು. ಭೂಮಿ ಬಿಸಿಯಾದಂತೆ ತಂಪು ದಿನಗಳು ತಡವಾಗಿ ಬರುತ್ತಿವೆ, ನಾಯಿಗಳು ಅದನ್ನು ಹಿಂಬಾಲಿಸುತ್ತಿವೆ. ತೊಂದರೆ ಏನೆಂದರೆ, ಶುರುವಿನಲ್ಲಿ ತಂಪು ಸಿಕ್ಕರೂ ಬಿಲ ಬಿಡುವ ಹೊತ್ತಿಗೆ ಬೇಸಿಗೆ ಬಂದುಬಿಡುತ್ತದೆ. ಸೆಕೆಯಲ್ಲಿ ಬೇಟೆ ಕಷ್ಟ. ಬದುಕುಳಿಯುವ ಮರಿಗಳು ಕಡಿಮೆಯಾಗುತ್ತವೆ.

ಸಂಜೆ ನಾಲ್ಕೂವರೆಗೆ ಏನಾಗುತ್ತದೆ

ಗುಂಪು ಸಿಕ್ಕಿತು ಅಂತಿಟ್ಟುಕೊಳ್ಳಿ. ಮೊದಲು ಕಾಣುವ ದೃಶ್ಯ ನಿರಾಸೆ ಹುಟ್ಟಿಸುತ್ತದೆ. ಪೊದೆಯ ನೆರಳಲ್ಲಿ ಒಂದರ ಮೇಲೊಂದು ಬಿದ್ದು ಮಲಗಿರುತ್ತವೆ. ಒಂದು ಕಿವಿ ಅಲ್ಲಾಡುತ್ತದೆ, ಒಂದು ಮಗ್ಗುಲು ಬದಲಿಸುತ್ತದೆ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಬಹುತೇಕ ಇಷ್ಟೇ. ಬೇಟೆಯಾಡುವುದು ಬೆಳಗಿನ ಜಾವ ಮತ್ತು ಸಂಜೆ. ಬೆಳದಿಂಗಳಿದ್ದರೆ ರಾತ್ರಿಯೂ ಹೊರಡುತ್ತವೆ. ಹಾಗಾಗಿ ಮಧ್ಯಾಹ್ನ ಸಿಕ್ಕ ಗುಂಪನ್ನು ಸಂಜೆ ಮತ್ತೆ ಬಂದು ಕಾಯುವುದೇ ಜಾಣತನ. ಬೇಸರ ಬಂತು ಅಂತ ಐದು ನಿಮಿಷಕ್ಕೆ ಹೊರಟರೆ ನಷ್ಟ ನಮಗೇ.

ಬಿಸಿಲು ಇಳಿದ ಮೇಲೆ ಒಂದು ಎದ್ದು ಮೈ ಮುರಿಯುತ್ತದೆ. ಇನ್ನೊಂದರ ಹತ್ತಿರ ಹೋಗಿ ಮೂತಿ ತಾಗಿಸುತ್ತದೆ. ತಲೆ ತಗ್ಗಿಸಿ, ಕಿವಿ ಹಿಂದಕ್ಕೆ ಮಡಚಿ, ಬಾಲ ಆಡಿಸುತ್ತ, ಹಕ್ಕಿಗಳ ಚಿಲಿಪಿಲಿಯಂಥ ದನಿ ಹೊರಡಿಸುತ್ತ ಎಲ್ಲವೂ ಸೇರಿಕೊಳ್ಳುತ್ತವೆ. ಸುಮ್ನೆ ಆಟ ಅನ್ನಿಸುತ್ತದೆ. ನಿಜಕ್ಕೂ ಅದು ಹೊರಡೋಣವೇ ಬೇಡವೇ ಎಂದು ತೀರ್ಮಾನವಾಗುವ ಸಭೆ. ಕೆಲವು ಸಲ ಸಭೆ ಮುಗಿದು ಗುಂಪು ಹೊರಡುತ್ತದೆ. ಕೆಲವು ಸಲ ಎಲ್ಲವೂ ಮತ್ತೆ ಮಲಗಿಬಿಡುತ್ತವೆ.

ಯಾವಾಗ ಹೊರಡುತ್ತವೆ, ಯಾವಾಗ ಮಲಗುತ್ತವೆ ಎಂಬುದನ್ನು ಬೋಟ್ಸ್ವಾನಾದ ಒಕವಾಂಗೊ ಪ್ರದೇಶದಲ್ಲಿ ಸಂಶೋಧಕರು ಲೆಕ್ಕ ಇಟ್ಟು ನೋಡಿದರು. ಐದು ಗುಂಪುಗಳು, 68 ಸಭೆಗಳು. 2017ರಲ್ಲಿ ಪ್ರಕಟವಾದ ಫಲಿತಾಂಶ ವಿಚಿತ್ರವಾಗಿತ್ತು. ಸಭೆಯಲ್ಲಿ ಸೀನು ಹೆಚ್ಚಾದಷ್ಟೂ ಗುಂಪು ಹೊರಡುವ ಸಾಧ್ಯತೆ ಹೆಚ್ಚು. ಎಲ್ಲರ ಸೀನಿಗೂ ಒಂದೇ ತೂಕ ಇಲ್ಲ. ಯಜಮಾನ ಜೋಡಿ ಮುಂದಾದ ಸಭೆಗೆ ಮೂರು ಸೀನು ಸಾಕಾಗುತ್ತಿತ್ತು. ಬೇರೆಯವರು ಶುರುಮಾಡಿದ ಸಭೆಗೆ ಸುಮಾರು ಹತ್ತು ಬೇಕಾಗುತ್ತಿತ್ತು. ಸೀನು ಬೇಕಂತಲೇ ಹಾಕುವ ಮತವೋ, ಹೊರಡುವ ಮುನ್ನ ಮೂಗು ಶುಚಿ ಮಾಡಿಕೊಳ್ಳುವ ಅಭ್ಯಾಸ ಹೀಗೆ ಗುರುತಾಗಿ ಮಾರ್ಪಟ್ಟಿತೋ, ಅದನ್ನು ಸಂಶೋಧಕರು ಖಚಿತವಾಗಿ ಹೇಳಿಲ್ಲ. ಜೀಪಿನಲ್ಲಿ ಕೂತವರಿಗೆ ಉಪಯೋಗ ಒಂದಿದೆ. ಸೀನು ಒಂದರ ಹಿಂದೊಂದು ಕೇಳಿಸತೊಡಗಿದರೆ ಕ್ಯಾಮೆರಾ ಚೀಲಕ್ಕೆ ಹಾಕಬೇಡಿ.

ಬೇಟೆಯ ಬಗ್ಗೆ ಇರುವ ಕಥೆ, ಕಾಲರ್ ಹೇಳಿದ ಲೆಕ್ಕ

ಕಾಡುನಾಯಿ ಹತ್ತು ಸಲ ಬೇಟೆಗೆ ಹೋದರೆ ಎಂಟು ಸಲ ಗೆಲ್ಲುತ್ತದೆ ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ಒಂದು ಸುಸ್ತಾದರೆ ಇನ್ನೊಂದು ಮುಂದೆ ಬಂದು, ಸರದಿಯ ಮೇಲೆ ಮೈಲುಗಟ್ಟಲೆ ಅಟ್ಟಿಸಿಕೊಂಡು ಹೋಗುತ್ತವೆ ಎಂಬುದೂ ಅದರ ಜೊತೆಗೇ ಬರುತ್ತದೆ. ಬಯಲಿನಲ್ಲಿ ದೊಡ್ಡ ಗುಂಪುಗಳು ವೈಲ್ಡ್‌ಬೀಸ್ಟ್‌ನಂಥ ದೊಡ್ಡ ಪ್ರಾಣಿ ಹಿಡಿಯುವುದನ್ನು ಕಣ್ಣಾರೆ ನೋಡಿ ಬರೆದ ವಿವರಗಳಿಂದ ಇಂಥ ಚಿತ್ರ ಬಂದಿರುವುದು.

ಉತ್ತರ ಬೋಟ್ಸ್ವಾನಾದ ಕುರುಚಲು ಕಾಡಿನಲ್ಲಿ ಒಂದು ಗುಂಪಿನ ದೊಡ್ಡ ನಾಯಿಗಳಿಗೆಲ್ಲ ಜಿಪಿಎಸ್ ಕಾಲರ್ ಹಾಕಿ ನೋಡಿದಾಗ ಬೇರೆ ಚಿತ್ರ ಸಿಕ್ಕಿತು. 2016ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಓಟಗಳು ಹೆಚ್ಚಾಗಿ ಚಿಕ್ಕವು. ಪೊದೆಗಳ ನಡುವೆ ಪ್ರತಿ ನಾಯಿಯೂ ತನಗೆ ಸಿಕ್ಕ ಇಂಪಾಲದ ಹಿಂದೆ ಬೀಳುತ್ತದೆ. ಇಂಪಾಲ ಅಂದರೆ ಚಿಗರೆಯಂಥ ಮಧ್ಯಮ ಗಾತ್ರದ ಪ್ರಾಣಿ, ಅಲ್ಲಿನ ನಾಯಿಗಳ ಮುಖ್ಯ ಆಹಾರ. ಒಂದೊಂದು ಓಟವನ್ನೂ ಬೇರೆಯಾಗಿ ಎಣಿಸಿದರೆ ಗೆಲುವು 15.5 ಶೇಕಡಾ ಮಾತ್ರ.

ಹಾಗಾದರೆ ಹೊಟ್ಟೆ ತುಂಬುವುದು ಹೇಗೆ? ಹಂಚಿ ತಿನ್ನುವುದರಿಂದ. ಆರು ನಾಯಿ ಆರು ಕಡೆ ಓಡಿದಾಗ ಒಂದಕ್ಕೆ ಸಿಕ್ಕರೂ ಆರಕ್ಕೂ ಊಟ. ಓಟ ಚಿಕ್ಕದಾದ್ದರಿಂದ ಸೋತವರಿಗೂ ಜಾಸ್ತಿ ಸುಸ್ತಿಲ್ಲ. ಎರಡೂ ಲೆಕ್ಕಗಳು ಒಂದಕ್ಕೊಂದು ಸುಳ್ಳಲ್ಲ. ಒಂದು, ಗುಂಪು ಹೊರಟಾಗ ಕೊನೆಗೆ ಊಟ ಸಿಕ್ಕಿತೇ ಎಂದು ನೋಡುತ್ತದೆ. ಇನ್ನೊಂದು, ಪ್ರತಿ ಓಟವನ್ನು ನೋಡುತ್ತದೆ. ಕಾಡು ಬದಲಾದರೆ ಬೇಟೆಯ ರೀತಿಯೂ ಬದಲಾಗುತ್ತದೆ. ಲೈಕಿಪಿಯಾದಲ್ಲಿ ಇವು ಮೊಲಕ್ಕಿಂತ ಸ್ವಲ್ಪ ದೊಡ್ಡದಾದ ಡಿಕ್‌ಡಿಕ್ ಎಂಬ ಪುಟ್ಟ ಪ್ರಾಣಿಯನ್ನೇ ಹೆಚ್ಚಾಗಿ ತಿಂದು ಬದುಕುತ್ತವೆ.

ಬೇಟೆ ಬಿದ್ದ ಮೇಲಿನ ದೃಶ್ಯ ಎಲ್ಲರಿಗೂ ಆಗಿಬರುವುದಿಲ್ಲ. ಸಿಂಹ, ಚಿರತೆಯ ಹಾಗೆ ಕುತ್ತಿಗೆ ಹಿಡಿದು ಉಸಿರುಕಟ್ಟಿಸುವುದಿಲ್ಲ. ಹೊಟ್ಟೆಯ ಕಡೆಯಿಂದ ಹರಿದು ತಿನ್ನಲು ಶುರುಮಾಡುತ್ತವೆ. ಇವಕ್ಕೆ ಕ್ರೂರಿ ಎಂಬ ಹೆಸರು ಬಂದದ್ದು ಇದರಿಂದಲೇ. ಮಕ್ಕಳನ್ನು ಕರೆದುಕೊಂಡು ಹೋಗುವವರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಹೀಗೆ ಅವಸರ ಮಾಡುವುದಕ್ಕೆ ಕಾರಣ ಇದೆ. ಹಿಂದೆಯೇ ಕತ್ತೆಕಿರುಬ ಬರುತ್ತಿರುತ್ತದೆ. 1998ರಲ್ಲಿ ಪ್ರಕಟವಾದ ಒಂದು ಲೆಕ್ಕ ಹೀಗಿದೆ: ಕಾಡುನಾಯಿ ದಿನಕ್ಕೆ ಸುಮಾರು ಮೂರೂವರೆ ಗಂಟೆ ಬೇಟೆಯಾಡಿದರೆ ಸಾಕು. ಸಿಕ್ಕಿದ್ದರಲ್ಲಿ ಕಾಲು ಭಾಗವನ್ನು ಕತ್ತೆಕಿರುಬಗಳು ಕಸಿದರೆ ಅದನ್ನು ಸರಿದೂಗಿಸಲು 12 ಗಂಟೆ ಓಡಬೇಕಾಗುತ್ತದೆ. ಅದು ಮೈಗೆ ತಡೆಯದ ಕೆಲಸ. ಆದ್ದರಿಂದ ಒಂದು ಇಂಪಾಲ ನಿಮಿಷಗಳಲ್ಲಿ ಖಾಲಿಯಾಗುತ್ತದೆ.

ಅಷ್ಟು ಅವಸರದ ನಡುವೆಯೂ ಒಂದು ಶಿಸ್ತು ಕಾಣುತ್ತದೆ. ಗುಂಪಿನ ಜೊತೆ ಓಡುವ ಮರಿಗಳಿದ್ದರೆ ಮೊದಲ ಊಟ ಅವಕ್ಕೆ. ದೊಡ್ಡವು ಸುತ್ತ ನಿಂತು ಕಾಯುತ್ತವೆ. ಸಿಂಹಗಳಲ್ಲಿ ಮರಿಗಳ ಸರದಿ ಹೆಚ್ಚಾಗಿ ಕೊನೆಗೆ.

ಎಲ್ಲಿಗೆ ಹೋಗಬೇಕು, ಗೈಡ್ ಹೇಗೆ ಹುಡುಕುತ್ತಾನೆ

ನಮ್ಮವರು ಹೆಚ್ಚಾಗಿ ಹೋಗುವ ಮಸಾಯಿ ಮಾರಾದಲ್ಲಿ ಇವು ಕಾಣುವುದು ಬಹಳ ಅಪರೂಪ. ಇವುಗಳಿಗೆಂದೇ ಹೋಗುವುದಾದರೆ ಉತ್ತರ ಬೋಟ್ಸ್ವಾನಾ ಮೊದಲು. ಒಕವಾಂಗೊ ನದಿಮುಖಜ ಪ್ರದೇಶ, ಮೊರೆಮಿ, ಕ್ವಾಯ್, ಲಿನ್ಯಾಂಟಿ ಇಲ್ಲಿ ಒಳ್ಳೆಯ ಅವಕಾಶವಿದೆ. ಜಿಂಬಾಬ್ವೆಯಲ್ಲಿ ವಾಂಗೆ ಮತ್ತು ಮಾನಾ ಪೂಲ್ಸ್. ಜಾಂಬಿಯಾದಲ್ಲಿ ದಕ್ಷಿಣ ಲುವಾಂಗ್ವಾ. ಟಾಂಜಾನಿಯಾಕ್ಕೇ ಹೋಗಬೇಕೆಂದರೆ ಉತ್ತರ ಬಿಟ್ಟು ದಕ್ಷಿಣದ ನ್ಯೆರೆರೆ, ರುವಾಹಾ ನೋಡಬೇಕು. ದಕ್ಷಿಣ ಆಫ್ರಿಕಾದ ಕ್ರೂಗರ್‌ನಲ್ಲೂ ಇವೆ. ಬೇಲಿ ಹಾಕಿದ ಚಿಕ್ಕ ಮೀಸಲುಗಳಲ್ಲಿ, ಉದಾಹರಣೆಗೆ ಮಾದಿಕ್ವೆಯಲ್ಲಿ, ತಂದುಬಿಟ್ಟ ಗುಂಪುಗಳಿವೆ. ಮೊಜಾಂಬಿಕ್‌ನ ಗೊರೊಂಗೊಸಾಕ್ಕೆ 2018ರಲ್ಲಿ ಮತ್ತೆ ತಂದು ಬಿಟ್ಟಿದ್ದಾರೆ.

ಬುಕ್ ಮಾಡುವ ಮುನ್ನ ಒಂದು ವಿಷಯ ಕೇಳಿಕೊಳ್ಳಿ: ಗಾಡಿ ರಸ್ತೆ ಬಿಟ್ಟು ಇಳಿಯಬಹುದೇ? ಸರ್ಕಾರಿ ಉದ್ಯಾನಗಳಲ್ಲಿ ಸಾಮಾನ್ಯವಾಗಿ ರಸ್ತೆ ಬಿಡುವಂತಿಲ್ಲ. ನಾಯಿಗಳು ಪೊದೆಯೊಳಗೆ ನುಗ್ಗಿದರೆ ಆಟ ಮುಗಿಯಿತು. ಬೋಟ್ಸ್ವಾನಾದ ಖಾಸಗಿ ಗುತ್ತಿಗೆ ಪ್ರದೇಶಗಳಲ್ಲಿ ಬಿಡಬಹುದು, ಬಾಡಿಗೆಯೂ ಅದಕ್ಕೆ ತಕ್ಕಂತೆ ಜಾಸ್ತಿ. ಕ್ರೂಗರ್‌ನಲ್ಲಿ ಸ್ವಂತ ಕಾರಿನಲ್ಲಿ ಹೋಗುವವರಿಗೆ ಬೆಳಗಿನ ಜಾವದ ಟಾರು ರಸ್ತೆಯೇ ಆಸರೆ. ನಾಯಿಗಳು ರಸ್ತೆಯ ಮೇಲೇ ನಡೆದುಕೊಂಡು ಹೋಗುವುದು ಅಲ್ಲಿ ಸಾಮಾನ್ಯ.

ಗೈಡ್ ನೆಲ ನೋಡುತ್ತಾ ಹೋಗುತ್ತಾನೆ. ಮರಳಿನಲ್ಲಿ ಉಗುರಿನ ಗುರುತು ಇರುವ ಹೆಜ್ಜೆಗಳು ಒಂದೇ ದಿಕ್ಕಿಗೆ ಹತ್ತಾರು ಸಾಲಾಗಿ ಇದ್ದರೆ ಅದು ಗುಂಪು. ಇಂಪಾಲಗಳು ದಿಕ್ಕೆಟ್ಟು ಓಡುತ್ತಿವೆಯೇ, ರಣಹದ್ದು ಇಳಿಯುತ್ತಿದೆಯೇ, ಕತ್ತೆಕಿರುಬ ತುರ್ತಾಗಿ ಎಲ್ಲಿಗೋ ಹೊರಟಿದೆಯೇ ಎಂದು ಗಮನಿಸುತ್ತಾನೆ. ಗುಂಪಿನಿಂದ ತಪ್ಪಿಸಿಕೊಂಡ ನಾಯಿ ತಲೆ ತಗ್ಗಿಸಿ ಹೂ… ಹೂ… ಎಂದು ಕರೆಯುತ್ತದೆ. ಗೂಬೆಯ ದನಿಯಂತಿರುವ ಆ ಮೆಲುಕೂಗು ಬಹಳ ದೂರ ಹೋಗುತ್ತದೆ.

ಹತ್ತಿರ ಹೋದರೆ ಏನು ಕಷ್ಟ?

ಈ ನಾಯಿಗಳು ಜೀಪಿಗೆ ಹೆದರುವುದು ಕಡಿಮೆ. ಗಾಡಿಯ ನೆರಳಿನಲ್ಲೇ ಬಂದು ಮಲಗಿದ್ದೂ ಉಂಟು. ಮನುಷ್ಯರ ಮೇಲೆ ಬೀಳುವ ಪ್ರಾಣಿಯಲ್ಲ. ಹಾಗಾಗಿ ಏನೂ ತೊಂದರೆ ಇಲ್ಲ ಅನ್ನಿಸಿಬಿಡುತ್ತದೆ. ತೊಂದರೆ ಕಣ್ಣಿಗೆ ಕಾಣುವಂಥದ್ದಲ್ಲ, ಅಷ್ಟೇ.

ಬಿಲದ ವಿಷಯ ತೆಗೆದುಕೊಳ್ಳಿ. ಆ ಬಿಲ ಸಿಂಹಕ್ಕೂ ಕತ್ತೆಕಿರುಬಕ್ಕೂ ಗೊತ್ತಾಗದೆ ಇರುವುದರ ಮೇಲೆ ಮರಿಗಳ ಜೀವ ನಿಂತಿದೆ. ಹತ್ತು ಗಾಡಿ ದಿನವೂ ಹೋಗಿ ಹುಲ್ಲು ತುಳಿದರೆ ಅಲ್ಲೊಂದು ದಾರಿಯಾಗುತ್ತದೆ. ಗಾಡಿದಾರಿಯಲ್ಲಿ ನಡೆಯುವುದು ಸಿಂಹಕ್ಕೂ ಇಷ್ಟ. ಜನ ಕೆಳಗಿಳಿದು ಬಿಲದ ಹತ್ತಿರ ನಡೆದರಂತೂ ತಾಯಿ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿ ಬೇರೆ ಬಿಲಕ್ಕೆ ಸಾಗಿಸಬೇಕಾಗಬಹುದು. ಹಾಗಾಗಿಯೇ ಒಳ್ಳೆಯ ಗೈಡ್‌ಗಳು ಮರಿ ತೀರಾ ಚಿಕ್ಕದಿರುವಾಗ ಬಿಲಕ್ಕೆ ಕರೆದೊಯ್ಯುವುದಿಲ್ಲ. ಆಮೇಲೂ ದೂರದಲ್ಲಿ, ಇಂಜಿನ್ ಆರಿಸಿ, ಎರಡು-ಮೂರು ಗಾಡಿಗಿಂತ ಜಾಸ್ತಿ ಸೇರಿಸದೆ ನಿಲ್ಲುತ್ತಾರೆ. ಸ್ವಲ್ಪ ಮುಂದೆ ಹೋಗಪ್ಪಾ ಎಂದು ನಾವು ಒತ್ತಾಯ ಮಾಡದಿದ್ದರೆ ಅವರಿಗೂ ಸುಲಭ. ಬಿಲದ ಜಾಗ ಗೊತ್ತಾಗುವ ಫೋಟೋ, ಲೊಕೇಶನ್ ಹಾಕುವುದಂತೂ ಬೇಡ.

ಬೇಟೆಯ ಹಿಂದೆ ಗಾಡಿ ಓಡಿಸುವುದೂ ಅಂಥದ್ದೇ. ಇಂಜಿನ್ ಸದ್ದಿಗೆ ಇಂಪಾಲ ಮೊದಲೇ ಎಚ್ಚರವಾಗಬಹುದು. ಇಲ್ಲವೇ ಗಾಡಿ ಅಡ್ಡ ಬಂದು ಇಂಪಾಲದ ದಾರಿ ಮುಚ್ಚಬಹುದು. ಎರಡರಲ್ಲೂ ನಾವು ಆಟದ ಒಳಗೆ ಸೇರಿಕೊಂಡೆವು ಎಂದೇ ಅರ್ಥ. ಮಲಗಿದ ಗುಂಪು ಎದ್ದು ಸಭೆ ಸೇರಿ ಹೊರಡುವುದನ್ನು ಪೂರ್ತಿ ನೋಡಿದವರಿಗೆ ಕೊನೆಯ ಕಚ್ಚಾಟ ತಪ್ಪಿದರೂ ನಷ್ಟ ಕಡಿಮೆ ಅನ್ನುವುದು ನನ್ನ ಅನಿಸಿಕೆ.

ಇಷ್ಟು ಕಡಿಮೆಯಾಗಿದ್ದು ಹೇಗೆ?

ಗುಂಡು ಹೊಡೆದು ಕೊಂದ ಕಾಲ ಹೆಚ್ಚುಕಡಿಮೆ ಮುಗಿದಿದೆ. ಈಗಿನ ಸಾವುಗಳು ಹೆಚ್ಚಾಗಿ ಬೇರೆ ಥರ. ಜಿಂಕೆ ಹಿಡಿಯಲು ಒಡ್ಡಿದ ತಂತಿ ಉರುಳಿಗೆ ನಾಯಿಯ ಕುತ್ತಿಗೆ ಸಿಕ್ಕುತ್ತದೆ. ವಾಂಗೆಯ ಹತ್ತಿರ ಕೆಲಸ ಮಾಡುವ ಪೇಂಟೆಡ್ ಡಾಗ್ ಕನ್ಸರ್ವೇಶನ್ ಸಂಸ್ಥೆಯವರು ಕಾಡಿನಲ್ಲಿ ನಡೆದು ಉರುಳು ಕೀಳುತ್ತಾರೆ. ಕಿತ್ತ ತಂತಿಯಿಂದ ಸ್ಥಳೀಯ ಕುಶಲಕರ್ಮಿಗಳು ಪ್ರಾಣಿಗಳ ಗೊಂಬೆ ಮಾಡಿ ಮಾರುತ್ತಾರೆ.

ಇನ್ನೊಂದು ಕಾರಣ ಊರುನಾಯಿಗಳು. ಅವುಗಳಿಂದ ಬರುವ ರೇಬೀಸ್ ಮತ್ತು ಡಿಸ್ಟೆಂಪರ್ ಎಂಬ ವೈರಸ್ ರೋಗ ಇಡೀ ಗುಂಪನ್ನೇ ಕೊಲ್ಲುತ್ತವೆ. ಮೂತಿ ತಾಗಿಸುವುದು, ಕಕ್ಕಿದ್ದನ್ನು ಹಂಚಿ ತಿನ್ನುವುದು, ಒಂದರ ಮೇಲೊಂದು ಮಲಗುವುದು ಇವೆಲ್ಲ ಮೇಲೆ ನೋಡಿದೆವಲ್ಲ, ರೋಗ ಹರಡಲು ಅದೇ ದಾರಿ. ಸೆರೆಂಗೆಟಿ ಬಯಲಿನಲ್ಲಿ ಸಂಶೋಧಕರು ನೋಡುತ್ತಿದ್ದ ಗುಂಪುಗಳು 1991ರ ಹೊತ್ತಿಗೆ ಇಲ್ಲವಾದವು. ಲೈಕಿಪಿಯಾದಲ್ಲಿ ಚೇತರಿಸಿಕೊಂಡಿದ್ದ ನಾಯಿಗಳನ್ನು 2017ರಲ್ಲಿ ಡಿಸ್ಟೆಂಪರ್ ಬಹುಪಾಲು ಮುಗಿಸಿತು. ಇದರ ಮೇಲೆ ರಸ್ತೆ, ಬೇಲಿ, ಹೊಲ. ಒಂದು ಗುಂಪು ಉದ್ಯಾನದ ಗಡಿ ದಾಟದೆ ಬದುಕುವುದು ಕಷ್ಟ, ದಾಟಿದರೆ ಇವೆಲ್ಲ ಎದುರಾಗುತ್ತವೆ. ಅಂಗೋಲಾ, ಬೋಟ್ಸ್ವಾನಾ, ನಮೀಬಿಯಾ, ಜಾಂಬಿಯಾ, ಜಿಂಬಾಬ್ವೆ ಐದೂ ದೇಶ ಸೇರಿ 2011ರಲ್ಲಿ ಒಪ್ಪಂದ ಮಾಡಿಕೊಂಡು ಕಟ್ಟಿದ ಕಾವಾಂಗೊ-ಜಾಂಬೆಜಿ ಸಂರಕ್ಷಣಾ ಪ್ರದೇಶ ಸುಮಾರು 5,20,000 ಚದರ ಕಿಲೋಮೀಟರ್ ಇದೆ. ಕರ್ನಾಟಕದ ಎರಡೂವರೆ ಪಟ್ಟಿಗಿಂತ ದೊಡ್ಡದು. ಈ ಅಲೆಮಾರಿಗೆ ಬೇಕಾದ ಅಳತೆ ಅಂಥದ್ದು.

ನೋಡಿ ಬಂದವರ ಫೋಟೋ ಯಾವ ಕೆಲಸಕ್ಕೆ ಬರುತ್ತದೆ

ಎರಡು ಕಾಡುನಾಯಿಗಳ ಮೈಮೇಲಿನ ಮಚ್ಚೆ ಒಂದೇ ಥರ ಇರುವುದಿಲ್ಲ. ಹುಲಿಯ ಪಟ್ಟೆ ನೋಡಿ ಗುರುತು ಹಿಡಿಯುವಂತೆ ಇವನ್ನೂ ಫೋಟೋದಿಂದಲೇ ಗುರುತಿಸಬಹುದು. ಕ್ರೂಗರ್‌ನಲ್ಲಿ 1980ರ ದಶಕದ ಕೊನೆಯಿಂದಲೂ ಕೆಲವು ವರ್ಷಕ್ಕೊಮ್ಮೆ ಪ್ರವಾಸಿಗರ ಫೋಟೋ ಸಂಗ್ರಹಿಸಿ ನಾಯಿಗಳನ್ನು ಎಣಿಸುತ್ತ ಬಂದಿದ್ದಾರೆ. ಕೆಲಸಕ್ಕೆ ಬರುವ ಫೋಟೋ ನಮ್ಮ ಗೋಡೆಗೆ ಹಾಕುವ ಫೋಟೋದಂತಿರಬೇಕಿಲ್ಲ. ಮುಖ ಅಷ್ಟು ಮುಖ್ಯ ಅಲ್ಲ, ಪಕ್ಕೆ ಪೂರ್ತಿ ಕಾಣಬೇಕು. ಎಡಪಕ್ಕೆಯ ಮಚ್ಚೆ ಬಲಪಕ್ಕೆಯಲ್ಲಿ ಇರುವುದಿಲ್ಲ, ಆದ್ದರಿಂದ ಆದಷ್ಟು ಎರಡೂ ಕಡೆ ತೆಗೆಯಬೇಕು. ದಿನ, ಹೊತ್ತು, ಜಾಗ, ಗುಂಪಿನಲ್ಲಿ ಎಷ್ಟಿದ್ದವು, ಮರಿ ಎಷ್ಟು ಎಂದು ಬರೆದಿಟ್ಟುಕೊಂಡು ಆ ಉದ್ಯಾನದ ಸಂಶೋಧಕರಿಗೇ ಕಳಿಸಬೇಕು. ಕುತ್ತಿಗೆಯಲ್ಲಿ ಉರುಳಿನ ತಂತಿ ಕಂಡರೆ ಮಾತ್ರ ಊರಿಗೆ ಬರುವವರೆಗೆ ಕಾಯುವುದು ಬೇಡ. ಆಗಲೇ ಗೈಡ್‌ಗೆ ತೋರಿಸಿ. ಮರುದಿನ ಆ ಗುಂಪು ಎಲ್ಲಿರುತ್ತದೋ ಯಾರಿಗೂ ಗೊತ್ತಿರುವುದಿಲ್ಲ.